ಅತ್ತೆಯ ನವೆಗೂ ಮೂತ್ರ ಸೋರುವುದಕ್ಕೂ ಸಂಬಂಧ ಇದೆಯಾ?

ಪ್ರಶ್ನೆ: ಡಾಕ್ಟ್ರೇ, ನಾನು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯವಳು. ನಮ್ಮ ಅತ್ತೆಗೆ 61 ವರ್ಷ. ಐದಾರು ವರ್ಷದಿಂದ ಕೆಳಗಡೆ ವಿಪರೀತ ನವೆ, ರಾತ್ರಿ ನಿದ್ದೆಯೇ ಇಲ್ಲ. ಮೊದಲು ಉಷ್ಣ ಅಂತ ಸುಮ್ಮನಿದ್ದರು. ಆಮೇಲೆ ಮೆಡಿಕಲ್ ಸ್ಟೋರಿನಿಂದ ಯಾವುದೋ ಟ್ಯೂಬ್ ತರಿಸಿ ಹಚ್ಚಿಕೊಳ್ಳುತ್ತಿದ್ದರು. ಚರ್ಮ ಬೆಳ್ಳಗಾದದ್ದು ನೋಡಿ ತೊನ್ನು ಅಂತ ಹೆದರಿ ಯಾರಿಗೂ ಹೇಳಿರಲಿಲ್ಲ. ಈಗ ಮಂಡ್ಯದಲ್ಲಿ ತೋರಿಸಿದೆವು. ಬಯಾಪ್ಸಿ ಮಾಡಿ ಲೈಕೆನ್ ಸ್ಕ್ಲೆರೋಸಸ್ ಅಂದರು, ಕ್ಲೊಬೆಟಸಾಲ್ ಮುಲಾಮು ಬರೆದುಕೊಟ್ಟರು. ಔಷಧಿ ಅಂಗಡಿಯವರು ‘ಇದು ಸ್ಟೀರಾಯ್ಡ್, ವಾರದ ಮೇಲೆ ಹಚ್ಚಬೇಡಿ’ ಅಂದಿದ್ದಕ್ಕೆ ಅತ್ತೆ ನಿಲ್ಲಿಸಿಬಿಟ್ಟರು. ಇದರ ಜೊತೆಗೆ ಕೆಮ್ಮಿದರೆ, ಸೀನಿದರೆ ಮೂತ್ರ ಸೋರುತ್ತದೆ. ಒಂದಕ್ಕೆ ಹೋಗಿ ಎದ್ದ ಮೇಲೂ ತೊಟ್ಟಿಕ್ಕುತ್ತದೆ. ಡಾಕ್ಟರ ಹತ್ತಿರ ಅದನ್ನು ಹೇಳಲೇ ಇಲ್ಲ. ದಿನವಿಡೀ ಹಳೇ ಸೀರೆ ಬಟ್ಟೆ ಮಡಿಸಿ ಇಟ್ಟುಕೊಳ್ಳುತ್ತಾರೆ. ಶುಗರ್, ಬಿ.ಪಿ. ಎರಡೂ ಇದೆ. ಸೋರಿ ಸೋರಿ ಈ ಕಾಯಿಲೆ ಬಂತಾ, ಕಾಯಿಲೆಯಿಂದ ಸೋರುತ್ತಿದೆಯಾ? ಗರ್ಭಕೋಶ ತೆಗೆಸಿದರೆ ಎರಡೂ ಹೋಗುತ್ತದೆ ಅಂತ ನೆಂಟರು ಹೇಳುತ್ತಾರೆ. ಇದು ಅಂಟುತ್ತಾ? ಅತ್ತೆ ಮೊಮ್ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವುದನ್ನೂ ಬಿಟ್ಟಿದ್ದಾರೆ.

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಇದು ಅಂಟುವುದಿಲ್ಲ. ಪಕ್ಕ ಮಲಗಿದರೂ ಇಲ್ಲ, ಬಟ್ಟೆ ಒಟ್ಟಿಗೆ ಒಗೆದರೂ ಇಲ್ಲ, ಗಂಡ ಹೆಂಡತಿ ಸೇರಿದರೂ ಇಲ್ಲ. ಇವತ್ತು ರಾತ್ರಿಯಿಂದಲೇ ಮೊಮ್ಮಗಳು ಅಜ್ಜಿಯ ಪಕ್ಕ ಮಲಗಬಹುದು. ಇದು ತೊನ್ನೂ ಅಲ್ಲ. ತೊನ್ನಿನಲ್ಲಿ ಬಣ್ಣ ಮಾತ್ರ ಹೋಗುತ್ತದೆ, ಚರ್ಮ ಮೊದಲಿನ ಹಾಗೇ ಮೆತ್ತಗಿರುತ್ತದೆ. ಲೈಕೆನ್ ಸ್ಕ್ಲೆರೋಸಸ್‌ನಲ್ಲಿ ಚರ್ಮವೇ ಬದಲಾಗುತ್ತದೆ. ಬೆಳ್ಳಗಾಗಿ, ತೆಳ್ಳಗಾಗಿ, ಒಣಗಿದ ಈರುಳ್ಳಿ ಸಿಪ್ಪೆಯ ಹಾಗೆ ಸುಕ್ಕುಗಟ್ಟುತ್ತದೆ. ಕೆರೆದರೆ ಬಿರುಕು ಬಿಡುತ್ತದೆ, ರಕ್ತ ಒಸರುತ್ತದೆ. ನಮ್ಮ ಮೈಯ ರೋಗನಿರೋಧಕ ಶಕ್ತಿ ನಮ್ಮ ಚರ್ಮದ ಮೇಲೇ ತಿರುಗಿಬಿದ್ದು ಆಗುವ ಉರಿಯೂತ ಇದು. ಮುಟ್ಟು ನಿಂತ ಹೆಂಗಸರಲ್ಲಿ ಜಾಸ್ತಿ. ಇನ್ನೂ ಮೈನೆರೆಯದ ಪುಟ್ಟ ಹುಡುಗಿಯರಲ್ಲೂ ಕಾಣಿಸಿಕೊಳ್ಳುತ್ತದೆ. ಇಂಥವರಿಗೆ ಥೈರಾಯ್ಡ್ ತೊಂದರೆಯೂ ಇರುವುದುಂಟು, ಅದಕ್ಕೇ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿದರೆ ಒಳ್ಳೆಯದು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಯಾವುದರಿಂದ ಯಾವುದು?

ಚರ್ಮದ ಮೇಲೆ ಮೂತ್ರ ನಿಂತರೆ ಅದರಲ್ಲಿನ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯ ಮಾಡುತ್ತವೆ. ಆರೋಗ್ಯವಾದ ಚರ್ಮ ಸ್ವಲ್ಪ ಆಮ್ಲೀಯ. ಅಮೋನಿಯದಿಂದ ಅದು ಕ್ಷಾರದ ಕಡೆಗೆ ಹೋಗುತ್ತದೆ, ಹೊರಪದರ ಸಡಿಲವಾಗುತ್ತದೆ. ಅದರ ಮೇಲೆ ಒದ್ದೆ ಬಟ್ಟೆಯ ಉಜ್ಜಾಟ ಬೇರೆ. ಲೈಕೆನ್ ಸ್ಕ್ಲೆರೋಸಸ್‌ಗೆ ಒಂದು ಕೆಟ್ಟ ಗುಣ ಇದೆ. ಚರ್ಮಕ್ಕೆ ಎಲ್ಲಿ ಪೆಟ್ಟು ಬೀಳುತ್ತದೋ, ಉಜ್ಜಾಟ ಆಗುತ್ತದೋ ಅಲ್ಲೇ ಬಂದು ಕೂರುತ್ತದೆ. ಗಂಡಸರಲ್ಲಿ ಇದಕ್ಕೆ ಸಾಕ್ಷಿ ಸಾಕಷ್ಟಿದೆ. ಮುಂದೊಗಲಿನ ಒಳಗೆ ಮೂತ್ರದ ಹನಿ ನಿಲ್ಲುವವರಿಗೆ ಈ ಕಾಯಿಲೆ ಬರುತ್ತದೆ, ಹುಟ್ಟಿದಾಗಲೇ ಸುನ್ನತಿ ಆದವರಿಗೆ ಬರುವುದು ಬಹಳ ಅಪರೂಪ. ಮೂತ್ರಕೋಶದ ಆಪರೇಷನ್ ಆಗಿ ಹೊಟ್ಟೆಯ ಮೇಲೆ ದ್ವಾರ ಮಾಡಿಸಿಕೊಂಡವರಲ್ಲಿ, ಆ ದ್ವಾರದ ಸುತ್ತ, ಅಂದರೆ ಮೂತ್ರ ತಾಗುವ ಚರ್ಮದಲ್ಲಿ ಇದೇ ಕಾಯಿಲೆ ಬಂದದ್ದನ್ನು ವೈದ್ಯರು ದಾಖಲಿಸಿದ್ದಾರೆ. ಹೆಂಗಸರಲ್ಲಿ ಕಾಯಿಲೆ, ಸೋರಿಕೆ ಎರಡೂ ಜೊತೆಯಾಗಿ ಇರುವುದನ್ನು ಅಧ್ಯಯನಗಳು ತೋರಿಸಿವೆ. ಆದರೆ ಸೋರಿಕೆಯೇ ಕಾಯಿಲೆಯನ್ನು ತಂದಿತು ಅಂತ ಸಾಬೀತಾಗಿಲ್ಲ. ಒಂದು ಹನಿಯೂ ಸೋರದ ಹೆಂಗಸರಿಗೂ ಇದು ಬರುತ್ತದಲ್ವಾ? ಹಾಗಾಗಿ ನಿಮ್ಮ ಅತ್ತೆಯ ಸೋರಿಕೆ ಈ ಕಾಯಿಲೆಯನ್ನು ಹುಟ್ಟಿಸಿರಬೇಕಾಗಿಲ್ಲ. ಆದರೆ ಇರುವ ಕಾಯಿಲೆಯನ್ನು ಕೆರಳಿಸುತ್ತಿದೆ, ಅದರಲ್ಲಿ ನನಗೆ ಅನುಮಾನವಿಲ್ಲ.

ತಿರುಗಿಸಿ ಕೇಳಿದರೆ, ಕಾಯಿಲೆಯಿಂದ ಸೋರಿಕೆ ಬರುತ್ತದಾ? ಇಲ್ಲಿ ಎರಡು ಸೋರಿಕೆಯನ್ನು ಬೇರೆ ಮಾಡಿ ನೋಡಬೇಕು. ನಿಮ್ಮ ಪತ್ರದಲ್ಲೇ ಎರಡೂ ಇವೆ.

ಕೆಮ್ಮಿದಾಗ ಸೋರುವುದು ಸೊಂಟದ ತಳದ ಸ್ನಾಯುಗಳು ಸಡಿಲವಾಗಿ ಆಗುವಂಥದ್ದು. ಹೆರಿಗೆ, ವಯಸ್ಸು, ತೂಕ, ಮಲಬದ್ಧತೆ, ವರ್ಷಗಟ್ಟಲೆ ಹೊತ್ತ ಹುಲ್ಲಿನ ಹೊರೆ, ನೀರಿನ ಕೊಡ ಎಲ್ಲವೂ ಅದರಲ್ಲಿ ಸೇರಿವೆ. ಲೈಕೆನ್ ಸ್ಕ್ಲೆರೋಸಸ್ ಹೊರಚರ್ಮದ ಕಾಯಿಲೆ. ಅದು ಮೂತ್ರಕೋಶಕ್ಕೆ ಹೋಗುವುದಿಲ್ಲ, ಮೂತ್ರ ಹಿಡಿದಿಡುವ ಸ್ನಾಯುವನ್ನು ಮುಟ್ಟುವುದಿಲ್ಲ.

ಎದ್ದ ಮೇಲೆ ತೊಟ್ಟಿಕ್ಕುವುದು ಮಾತ್ರ ಈ ಕಾಯಿಲೆಯಿಂದಲೇ ಆಗುತ್ತಿರಬಹುದು. ವರ್ಷಗಟ್ಟಲೆ ಔಷಧಿ ಇಲ್ಲದೆ ಬಿಟ್ಟರೆ ಯೋನಿಯ ಒಳತುಟಿಗಳು ಕರಗಿದ ಹಾಗೆ ಸಣ್ಣಗಾಗುತ್ತವೆ, ಕೆಲವರಲ್ಲಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಮೂತ್ರದ್ವಾರದ ಮುಂದೆ ಚರ್ಮದ ಒಂದು ಪರದೆ ಬಂದಂತಾಗುತ್ತದೆ. ಧಾರೆ ಅದಕ್ಕೆ ಬಡಿದು ಅಡ್ಡಡ್ಡ ಚಿಮ್ಮುತ್ತದೆ, ತೊಡೆಗೆ ಹರಿಯುತ್ತದೆ. ಸ್ವಲ್ಪ ಮೂತ್ರ ಹಿಂದೆ ನಿಂತುಬಿಡುತ್ತದೆ. ಎದ್ದು ನಾಲ್ಕು ಹೆಜ್ಜೆ ಇಟ್ಟಾಗ ಅದು ಇಳಿಯುತ್ತದೆ. ಮೂತ್ರಕೋಶದಲ್ಲಿ ದೋಷವೇ ಇಲ್ಲದಿದ್ದರೂ ಸೀರೆ ಒದ್ದೆ. ಅತ್ತೆಯವರನ್ನು ಇಷ್ಟು ಕೇಳಿ ನೋಡಿ: ಧಾರೆ ನೇರವಾಗಿ ಬೀಳುತ್ತದಾ, ಚದುರುತ್ತದಾ? ಅವರು ‘ಕಾಲಿಗೆಲ್ಲ ಸಿಡಿಯುತ್ತೆ ಕಣವ್ವ’ ಅಂದರೆ ಆ ಮಾತನ್ನು ಹಾಗೇ ಡಾಕ್ಟರಿಗೆ ಹೇಳಿ. ಅಲ್ಲಿಯವರೆಗೆ, ಕೂತಿದ್ದಲ್ಲೇ ಸ್ವಲ್ಪ ಮುಂದಕ್ಕೆ ಬಾಗಿ ಅರ್ಧ ನಿಮಿಷ ಕಾಯಲಿ, ಒಮ್ಮೆ ಎದ್ದು ಮತ್ತೆ ಕೂರಲಿ. ನಿಂತದ್ದು ಅಲ್ಲೇ ಇಳಿಯುತ್ತದೆ.

ಇನ್ನೊಂದು ದಾರಿಯೂ ಇದೆ. ಬಿರುಕಿನ ಮೇಲೆ ಮೂತ್ರ ಬಿದ್ದರೆ ಬೆಂಕಿ ಸುರಿದ ಹಾಗೆ ಉರಿಯುತ್ತದೆ. ಆ ಉರಿಗೆ ಹೆದರಿ ಹೆಂಗಸರು ಮೂತ್ರ ಕಟ್ಟುತ್ತಾರೆ, ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ನಾಟಿ ಹಾಕಲು, ಕಬ್ಬಿನ ಗದ್ದೆಗೆ ಹೋಗುವವರಿಗೆ ಮರೆಯ ಜಾಗವೂ ಸಿಗುವುದಿಲ್ಲ, ಅದರಿಂದ ಈ ಅಭ್ಯಾಸ ಮೊದಲೇ ಇರುತ್ತದೆ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗುತ್ತದೆ, ಉರಿ ಇನ್ನೂ ಜಾಸ್ತಿ, ಸೋಂಕೂ ಬೇಗ. ಕಾಯಿಲೆ ಮಲದ್ವಾರದ ಸುತ್ತ ಹಬ್ಬಿದ್ದರೆ ಅಲ್ಲೂ ಬಿರುಕು, ನೋವಿಗೆ ಹೆದರಿ ಮಲಬದ್ಧತೆ, ತಿಣುಕಿ ತಿಣುಕಿ ತಳದ ಸ್ನಾಯು ಮತ್ತಷ್ಟು ಸಡಿಲ. ಹೀಗೆ ಒಂದು ಇನ್ನೊಂದನ್ನು ಬೆಳೆಸುತ್ತಾ ಹೋಗುತ್ತದೆ. ‘ಮೊದಲು ನವೆ ಹೋಗಲಿ, ಆಮೇಲೆ ಸೋರುವುದನ್ನು ನೋಡೋಣ’ ಅಂತ ಕಾದರೆ ನವೆಯೂ ಪೂರ್ತಿ ಹೋಗುವುದಿಲ್ಲ. ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಆಗಬೇಕು.

ಈಗ ಮುಲಾಮಿನ ವಿಚಾರ. ಇಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಮ್ಮ ಕಡೆ ಚಿಕಿತ್ಸೆ ಕೆಡುವುದು ಇಲ್ಲೇ.

ಸ್ಟೀರಾಯ್ಡ್ ಬಗ್ಗೆ ಅಂಗಡಿಯವರ ಎಚ್ಚರಿಕೆ ಮುಖಕ್ಕೆ, ತೊಡೆಸಂದಿನ ಹುಳುಕಡ್ಡಿಗೆ ಸರಿ. ಅಲ್ಲಿ ಸ್ಟೀರಾಯ್ಡ್ ಹಚ್ಚಿ ಹಚ್ಚಿ ಹಾಳು ಮಾಡಿಕೊಂಡವರನ್ನು ನಾವು ದಿನಾ ನೋಡುತ್ತೇವೆ. ಆದರೆ ಲೈಕೆನ್ ಸ್ಕ್ಲೆರೋಸಸ್‌ಗೆ ಪ್ರಪಂಚದಾದ್ಯಂತ ಮೊದಲ ಔಷಧಿ ಕ್ಲೊಬೆಟಸಾಲ್ ಪ್ರೊಪಿಯೊನೇಟ್ 0.05% ಮುಲಾಮೇ. ಸಾಮಾನ್ಯವಾಗಿ ಹಚ್ಚುವ ಕ್ರಮ ಹೀಗೆ: ಮೊದಲ ತಿಂಗಳು ದಿನಾ ರಾತ್ರಿ ಒಮ್ಮೆ, ಎರಡನೆಯ ತಿಂಗಳು ದಿನ ಬಿಟ್ಟು ದಿನ, ಮೂರನೆಯ ತಿಂಗಳು ವಾರಕ್ಕೆ 2 ಸಲ. ಆಮೇಲೂ ಎಷ್ಟೋ ಜನರಿಗೆ ವಾರಕ್ಕೆ ಒಂದೆರಡು ಸಲ ಮುಂದುವರಿಯುತ್ತದೆ, ಅದನ್ನು ನಿಮ್ಮ ಡಾಕ್ಟರೇ ಹೇಳುತ್ತಾರೆ. ನವೆ ವಾರದಲ್ಲೇ ಕಡಿಮೆಯಾಗಬಹುದು. ಅಷ್ಟಕ್ಕೇ ವಾಸಿಯಾಯಿತು ಅಂದುಕೊಂಡು ಬಿಟ್ಟರೆ ಕಾಯಿಲೆ ಒಳಗೊಳಗೇ ಚರ್ಮವನ್ನು ಕುಗ್ಗಿಸುತ್ತಾ ಹೋಗುತ್ತದೆ.

ಎಷ್ಟು ಹಚ್ಚಬೇಕು? ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ ಬರುತ್ತದೆ. ಒಂದು ಸಲಕ್ಕೆ ಅಷ್ಟು ಸಾಕು, ಹಲವರಿಗೆ ಅದರ ಅರ್ಧವೇ ಸಾಕು. 30 ಗ್ರಾಂ ಮುಲಾಮು ಮೂರು ತಿಂಗಳ ಈ ಕ್ರಮಕ್ಕೆ ಆಗುತ್ತದೆ. ಅದಕ್ಕಿಂತ ಬಹಳ ಬೇಗ ಮುಗಿದರೆ ಜಾಸ್ತಿ ಹಚ್ಚುತ್ತಿದ್ದಾರೆ. ಮೂರು ತಿಂಗಳಾದರೂ ಬಹುಪಾಲು ಹಾಗೇ ಉಳಿದಿದ್ದರೆ ಹೆದರಿ ಬಿಡುತ್ತಿದ್ದಾರೆ. ಎಲ್ಲಿಗೆ ಹಚ್ಚಬೇಕು ಅನ್ನುವುದೂ ಅಷ್ಟೇ ಮುಖ್ಯ. ಬೆಳ್ಳಗಾದ ಜಾಗಕ್ಕೆ, ಬಿರುಕಿಗೆ. ಯೋನಿಯ ಒಳಗಲ್ಲ, ತೊಡೆಗಲ್ಲ. ಒಂದು ಕೈಗನ್ನಡಿ ಇಟ್ಟುಕೊಂಡು ನೋಡಿ ಹಚ್ಚಿಕೊಂಡರೆ ತಪ್ಪುವುದಿಲ್ಲ. ‘ಈ ವಯಸ್ಸಲ್ಲಿ ಅದನ್ನೆಲ್ಲ ನೋಡ್ಕೋಬೇಕಾ’ ಅಂತ ಅತ್ತೆ ಬೈಯಬಹುದು. ಬೈಯಲಿ, ಕನ್ನಡಿ ಬಚ್ಚಲಲ್ಲಿ ಇಟ್ಟು ಬನ್ನಿ.

ಟ್ಯೂಬಿನ ಹೆಸರು ಓದುವಾಗ ಎಚ್ಚರ. ಅಂಗಡಿಯಲ್ಲಿ ಕ್ಲೊಬೆಟಸಾಲ್ ಜೊತೆಗೆ ಫಂಗಸ್ ಔಷಧಿ, ಆಂಟಿಬಯೋಟಿಕ್ ಎಲ್ಲ ಬೆರೆಸಿದ ಕ್ರೀಮುಗಳು ಧಾರಾಳವಾಗಿ ಸಿಗುತ್ತವೆ. ನಿಮ್ಮ ಅತ್ತೆ ಇಷ್ಟು ವರ್ಷ ಹಚ್ಚಿಕೊಂಡದ್ದೂ ಅಂಥದ್ದೇ ಇರಬಹುದು. ಮೈಕೊನಜೋಲ್, ನಿಯೊಮೈಸಿನ್, ಒಫ್ಲಾಕ್ಸಸಿನ್ ಅಂತ ನಾಲ್ಕೈದು ಹೆಸರಿದ್ದರೆ ಅದು ಬೇಡ. ನಿಯೊಮೈಸಿನ್ ಎಷ್ಟೋ ಜನರಿಗೆ ಅಲರ್ಜಿ ಮಾಡುತ್ತದೆ, ಆಗ ನವೆ ಕಾಯಿಲೆಯದೋ ಔಷಧಿಯದೋ ತಿಳಿಯುವುದಿಲ್ಲ. ಕ್ಲೊಬೆಟಸಾಲ್ ಒಂದೇ ಇರಬೇಕು, ಅದೂ ಕ್ರೀಮ್ ಅಲ್ಲದೆ ಜಿಡ್ಡಾದ ಆಯಿಂಟ್‌ಮೆಂಟ್ ಆದರೆ ಉರಿ ಕಡಿಮೆ.

ಮುಲಾಮು ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಹೇಳುತ್ತೇನೆ, ಹೆದರಿಸಲು ಅಲ್ಲ. ಆಸ್ಟ್ರೇಲಿಯಾದಲ್ಲಿ ಈ ಕಾಯಿಲೆಯ 507 ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೇಳಿದ ಹಾಗೆ ಔಷಧಿ ಹಚ್ಚಿಕೊಂಡವರಲ್ಲಿ ಒಬ್ಬರಿಗೂ ಆ ಜಾಗದ ಕ್ಯಾನ್ಸರ್ ಬರಲಿಲ್ಲ. ಆಗಾಗ ಬಿಟ್ಟವರಲ್ಲಿ 4.7% ಜನರಿಗೆ ಕ್ಯಾನ್ಸರ್ ಅಥವಾ ಅದರ ಮುಂಚಿನ ಹಂತ ಕಾಣಿಸಿತು. ಸ್ಟೀರಾಯ್ಡ್ ಅಂದರೆ ಹೆದರುವ ಅತ್ತೆಗೆ ಈ ಒಂದು ಮಾತು ಹೇಳಿ ನೋಡಿ.

ಮೂತ್ರ ಸೋರುವವರಿಗೆ ಮುಲಾಮು ಹಚ್ಚುವುದರಲ್ಲಿ ಒಂದು ಸಣ್ಣ ಜಾಣತನ ಬೇಕು. ಒದ್ದೆ ಚರ್ಮಕ್ಕೆ ಹಚ್ಚಿದರೆ ಅರ್ಧ ಬಟ್ಟೆಗೇ ಹೋಗುತ್ತದೆ. ಮಲಗುವ ಮುಂಚೆ ಒಂದಕ್ಕೆ ಹೋಗಿ, ಬರೀ ನೀರಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸಿ, ಆಮೇಲೆ ಮುಲಾಮು. ಅರ್ಧ ಗಂಟೆ ಬಿಟ್ಟು ಅದರ ಮೇಲೆ ವ್ಯಾಸಲೀನ್ ತೆಳ್ಳಗೆ. ಹಗಲಿನಲ್ಲೂ ಪ್ರತಿ ಸಲ ತೊಳೆದ ಮೇಲೆ ವ್ಯಾಸಲೀನ್ ಸವರಿಕೊಂಡರೆ ಮೂತ್ರ ನೇರವಾಗಿ ಚರ್ಮಕ್ಕೆ ತಾಗುವುದಿಲ್ಲ. ದಪ್ಪಗೆ ಮೆತ್ತಬಾರದು. ಪ್ಯಾಡ್ ಇಟ್ಟುಕೊಂಡಿದ್ದರೆ ಜಿಡ್ಡು ಅದರ ಮೇಲೆ ಕೂತು ಮೂತ್ರ ಹೀರುವುದೇ ನಿಲ್ಲುತ್ತದೆ.

ನೀರಿನಲ್ಲಿ ತೊಳೆಯುವ ನಮ್ಮ ಅಭ್ಯಾಸ ಬಹಳ ಒಳ್ಳೆಯದು. ಆದರೆ ನವೆ ಶುರುವಾದ ಕೂಡಲೇ ಆ ನೀರಿಗೆ ಏನೇನೋ ಸೇರುತ್ತದೆ. ಸುಡುವಂಥ ಬಿಸಿನೀರು, ಕಲ್ಲುಪ್ಪು, ಡೆಟಾಲ್, ಬೇವಿನ ಸೊಪ್ಪು, ಮೈಸೋಪು. ಇವೆಲ್ಲ ಬೇಡವೇ ಬೇಡ. ಸುಟ್ಟುಕೊಳ್ಳುವಷ್ಟು ಬಿಸಿನೀರು ಹಾಕಿದಾಗ ನವೆ ಐದು ನಿಮಿಷ ನಿಲ್ಲುತ್ತದೆ, ನಿಜ. ಆಮೇಲೆ ಎರಡರಷ್ಟಾಗಿ ಬರುತ್ತದೆ.

ಹಳೇ ಸೀರೆಯ ಬಟ್ಟೆ ಮೆತ್ತಗಿರುತ್ತದೆ, ತಕರಾರಿಲ್ಲ. ಆದರೆ ಅದು ಒದ್ದೆಯನ್ನು ಚರ್ಮಕ್ಕೇ ಹಿಡಿದುಕೊಂಡಿರುತ್ತದೆ. ಒದ್ದೆಯಾದ ತಕ್ಷಣ ಬದಲಾಯಿಸುತ್ತಿದ್ದರೆ ಸರಿ. ಬೆಳಿಗ್ಗೆ ಇಟ್ಟದ್ದು ಮಧ್ಯಾಹ್ನದವರೆಗೆ ಅಂದರೆ ಬೇಡ. ಮುಟ್ಟಿನ ಪ್ಯಾಡ್ ಮೂತ್ರಕ್ಕಾಗಿ ಮಾಡಿದ್ದಲ್ಲ. ಮೂತ್ರ ಸೋರುವವರಿಗೆಂದೇ ಮಾಡಿದ ಪ್ಯಾಡ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಅದು ಒದ್ದೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಪರಿಮಳದ್ದು ಬೇಡ. ಖರ್ಚು ಅನ್ನಿಸಿದರೆ ಮದುವೆ ಮನೆ, ಆಸ್ಪತ್ರೆ, ಮೈಸೂರಿಗೆ ಬಸ್ಸಿನಲ್ಲಿ ಹೋಗುವ ದಿನಕ್ಕೆ ಮಾತ್ರ ಅದನ್ನಿಟ್ಟುಕೊಂಡು, ಮನೆಯಲ್ಲಿದ್ದಾಗ ಬಟ್ಟೆ ಬದಲಾಯಿಸುತ್ತಿರಲಿ. ರಾತ್ರಿ ಮಲಗುವಾಗ ನೈಟಿಯ ಒಳಗೆ ಏನೂ ಹಾಕದಿದ್ದರೆ ಚರ್ಮಕ್ಕೆ ಗಾಳಿ ಸಿಗುತ್ತದೆ.

ಸೋರಿಕೆಗೆ ಮೊದಲ ಚಿಕಿತ್ಸೆ ಆಪರೇಷನ್ ಅಲ್ಲ, ವ್ಯಾಯಾಮ. ಹತ್ತು ಜನರ ಮಧ್ಯೆ ಕೂತಾಗ ಹೂಸು ಬಂದರೆ ಹೇಗೆ ಬಿಗಿ ಹಿಡಿಯುತ್ತೀವಿ? ಆ ಸ್ನಾಯುಗಳೇ. ಹಾಗೆ ಒಳಕ್ಕೆ, ಮೇಲಕ್ಕೆ ಎಳೆದು ಐದಾರು ಎಣಿಸುವಷ್ಟು ಹೊತ್ತು ಹಿಡಿದು, ಪೂರ್ತಿ ಸಡಿಲ ಬಿಡಬೇಕು. ಒಂದು ಸರದಿಗೆ 8 ಸಲ, ದಿನಕ್ಕೆ 3 ಸರದಿ, ಕಡಿಮೆ ಅಂದರೂ 3 ತಿಂಗಳು. ಹೊಟ್ಟೆ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಸೊಪ್ಪು ಬಿಡಿಸುತ್ತಾ ಮಾಡಬಹುದು, ಧಾರಾವಾಹಿ ನೋಡುತ್ತಾ ಮಾಡಬಹುದು, ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ. ಮೂತ್ರ ಹೋಗುವಾಗ ಮಧ್ಯೆ ತಡೆದು ಅಭ್ಯಾಸ ಮಾಡುವುದು ಬೇಡ. ಕೆಮ್ಮು, ಸೀನು ಬರುತ್ತಿದೆ ಅನ್ನಿಸಿದ ಕ್ಷಣ ಮೊದಲು ಬಿಗಿ ಹಿಡಿದು ಆಮೇಲೆ ಕೆಮ್ಮುವುದನ್ನು ರೂಢಿಸಿಕೊಂಡರೆ ಅರ್ಧ ಗೆದ್ದ ಹಾಗೆ. ಒಂದು ಮಾತು: ಬಿಗಿ ಹಿಡಿದಾಗ ನೋವಾದರೆ ನಿಲ್ಲಿಸಿ ಫಿಸಿಯೋಥೆರಪಿಸ್ಟ್ ಹತ್ತಿರ ತೋರಿಸಿ. ವರ್ಷಗಟ್ಟಲೆ ನೋವು ತಿಂದವರಲ್ಲಿ ಆ ಸ್ನಾಯುಗಳು ಯಾವಾಗಲೂ ಸೆಟೆದುಕೊಂಡೇ ಇರುತ್ತವೆ. ಅವರು ಮೊದಲು ಸಡಿಲ ಬಿಡುವುದನ್ನು ಕಲಿಯಬೇಕು.

ನೀರು ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಕುಡಿಯಲಿ. ಕಾಫಿ, ಟೀ ಕಡಿಮೆ ಮಾಡಲಿ.

ಶುಗರ್, ಬಿ.ಪಿ. ಇದೆ ಅಂತ ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಅದರಲ್ಲೇ ಅರ್ಧ ಉತ್ತರ ಇರಬಹುದು. ಸಕ್ಕರೆ ಹತೋಟಿ ತಪ್ಪಿದರೆ ಮೂತ್ರ ಪದೇಪದೇ ಬರುತ್ತದೆ, ಅದರಲ್ಲಿ ಸಕ್ಕರೆಯೂ ಹೋಗುತ್ತದೆ, ಆ ಜಾಗದಲ್ಲಿ ಫಂಗಸ್ ಬೆಳೆಯುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಮಾತ್ರೆಗಳು ಕೆಲಸ ಮಾಡುವುದೇ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿ. ಬಹಳ ಒಳ್ಳೆಯ ಔಷಧಿಗಳು, ಆದರೆ ಕೆಳಗಡೆ ಫಂಗಸ್ ಮಾಡುವುದು ಅವುಗಳ ಗೊತ್ತಿರುವ ಅಡ್ಡಪರಿಣಾಮ. ಬಿ.ಪಿ.ಯ ಮಾತ್ರೆಗಳಲ್ಲಿ ಎನಲಾಪ್ರಿಲ್, ರಾಮಿಪ್ರಿಲ್ ಕೆಲವರಿಗೆ ಒಣಕೆಮ್ಮು ತರುತ್ತವೆ. ಆ ಕೆಮ್ಮಿಗೇ ಮೂತ್ರ ಸೋರುತ್ತಿದ್ದರೆ ಮಾತ್ರೆ ಬದಲಾಯಿಸಿದರೇ ಸಾಕಾಗಬಹುದು. ಪ್ರಜೋಸಿನ್ ಮೂತ್ರ ಹಿಡಿದಿಡುವ ಸ್ನಾಯುವನ್ನೇ ಸಡಿಲ ಮಾಡುತ್ತದೆ. ಮೂತ್ರ ಜಾಸ್ತಿ ಮಾಡುವ ‘ನೀರಿನ ಮಾತ್ರೆ’ಯನ್ನು ರಾತ್ರಿ ನುಂಗುತ್ತಿದ್ದರೆ ರಾತ್ರಿಯೆಲ್ಲ ಓಡಾಟ. ಯಾವುದನ್ನೂ ನೀವೇ ನಿಲ್ಲಿಸಬೇಡಿ. ಚೀಟಿ ತೋರಿಸಿ ಕೇಳಿ, ಅಷ್ಟೇ.

ಗರ್ಭಕೋಶದ ವಿಚಾರಕ್ಕೆ ಬಂದರೆ, ನೆಂಟರ ಮಾತು ಕೇಳಬೇಡಿ. ನಮ್ಮ ಕಡೆ ಹೆಂಗಸರಿಗೆ ಸೊಂಟನೋವು ಬಂದರೂ ಗರ್ಭಕೋಶ, ಬಿಳಿ ಸೆರಗು ಬಂದರೂ ಗರ್ಭಕೋಶ. ಲೈಕೆನ್ ಸ್ಕ್ಲೆರೋಸಸ್‌ಗೂ ಗರ್ಭಕೋಶಕ್ಕೂ ಸಂಬಂಧವೇ ಇಲ್ಲ. ಮೂತ್ರ ಸೋರುವುದೂ ಅದನ್ನು ತೆಗೆಸಿದರೆ ನಿಲ್ಲುವುದಿಲ್ಲ, ಕೆಲವರಿಗೆ ಆಮೇಲೆ ಜಾಸ್ತಿಯಾಗುತ್ತದೆ. ಗರ್ಭಕೋಶ ನಿಜವಾಗಿ ಜಾರಿದ್ದರೆ ಅದು ಬೇರೆ ಮಾತು. ಅದನ್ನು ಸ್ತ್ರೀರೋಗ ತಜ್ಞರು ಪರೀಕ್ಷೆ ಮಾಡಿಯೇ ಹೇಳಬೇಕು. ಆಗಲೂ ಜಾರಿದ್ದನ್ನು ಮೇಲೆ ಹಿಡಿದಿಡಲು ಯೋನಿಯೊಳಗೆ ರಿಂಗ್ ಹಾಕುವ ದಾರಿ ಇದೆ. ಮುಟ್ಟು ನಿಂತ ಮೇಲಿನ ಒಣಗುವಿಕೆಗೆ ಯೋನಿಯೊಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಕೊಡಬಹುದು. ಅದರಿಂದ ಅವಸರದ ಮೂತ್ರ, ಪದೇಪದೇ ಬರುವ ಸೋಂಕು ಕಡಿಮೆಯಾಗುತ್ತದೆ. ಆದರೆ ಅದು ಕ್ಲೊಬೆಟಸಾಲ್‌ಗೆ ಬದಲಿ ಅಲ್ಲ. ಕೂಡಿಕೊಂಡ ಚರ್ಮವನ್ನು ಬಿಡಿಸುವ ಚಿಕ್ಕ ಆಪರೇಷನ್ ಕೆಲವರಿಗೆ ಬೇಕಾಗುತ್ತದೆ, ಅದೂ ಕಾಯಿಲೆ ಹತೋಟಿಗೆ ಬಂದ ಮೇಲೆ. ಮೊದಲೇ ಮಾಡಿದರೆ ಮತ್ತೆ ಕೂಡಿಕೊಳ್ಳುತ್ತದೆ.

ವಾಸಿಯಾಗದ ಹುಣ್ಣು, ಗಂಟು, ಒಂದೇ ಕಡೆ ದಪ್ಪಗಾದ ಚರ್ಮ, ಕೆರೆಯದೆಯೂ ಬರುವ ರಕ್ತ ಇವುಗಳಲ್ಲಿ ಯಾವುದು ಕಂಡರೂ ಮುಂದಿನ ತಾರೀಕಿಗೆ ಕಾಯದೆ ಹೋಗಿ. ಇಲ್ಲದಿದ್ದರೆ ಮುಲಾಮು ಶುರುವಾದ 3 ತಿಂಗಳಿಗೆ ಒಮ್ಮೆ, ಆಮೇಲೆ 6 ತಿಂಗಳಿಗೆ, ಎಲ್ಲ ಸರಿಯಿದ್ದರೆ ವರ್ಷಕ್ಕೊಮ್ಮೆ ತೋರಿಸಿದರೆ ಸಾಕು.

ಎಲ್ಲಿಗೆ ಹೋಗುವುದು ಅಂದರೆ, ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲಿ ಚರ್ಮರೋಗ, ಸ್ತ್ರೀರೋಗ ಎರಡೂ ವಿಭಾಗ ಇವೆ. ಮೈಸೂರಿಗೆ ಬಂದರೆ ಕೆ.ಆರ್. ಆಸ್ಪತ್ರೆ, ಹೆಂಗಸರು ಮಕ್ಕಳಿಗೆಂದೇ ಇರುವ ಚೆಲುವಾಂಬ ಆಸ್ಪತ್ರೆ ಪಕ್ಕಪಕ್ಕದಲ್ಲೇ ಇವೆ. ತೊಂದರೆ ಏನೆಂದರೆ ಚರ್ಮದ ಡಾಕ್ಟರ ಹತ್ತಿರ ಹೆಂಗಸರು ನವೆ ಮಾತ್ರ ಹೇಳುತ್ತಾರೆ, ಸ್ತ್ರೀರೋಗದವರ ಹತ್ತಿರ ಸೋರುವುದು ಮಾತ್ರ. ಇಬ್ಬರಿಗೂ ಎರಡನ್ನೂ ಹೇಳಬೇಕು. ಅತ್ತೆಗೆ ಬಾಯಿ ಬರದಿದ್ದರೆ ನೀವೇ ಹೇಳಿ, ಅಥವಾ ನನಗೆ ಬರೆದ ಹಾಗೆ ಒಂದು ಚೀಟಿಯಲ್ಲಿ ಬರೆದು ಕೊಡಿ. ಅದಕ್ಕೂ ಮುಂಚೆ ಮೂರು ದಿನ ಒಂದು ಲೆಕ್ಕ ಇಡಿ: ಎಷ್ಟು ಹೊತ್ತಿಗೆ ಒಂದಕ್ಕೆ ಹೋದರು, ಯಾವಾಗ ಸೋರಿತು, ಆಗ ಏನು ಮಾಡುತ್ತಿದ್ದರು, ಎಷ್ಟು ನೀರು ಕುಡಿದರು. ಕ್ಯಾಲೆಂಡರಿನ ಹಿಂದೆ ಗೀಚಿಟ್ಟರೂ ನಮಗೆ ಸಾಕು. ಬಯಾಪ್ಸಿ ವರದಿ, ಶುಗರ್ ಬಿ.ಪಿ. ಮಾತ್ರೆಗಳ ಚೀಟಿ, ಇಷ್ಟು ವರ್ಷ ಹಚ್ಚಿಕೊಂಡ ಟ್ಯೂಬುಗಳು ಖಾಲಿಯಾಗಿದ್ದರೂ ಸರಿ, ಎಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.